ಫ್ಯೂಸ್ ಬಾಕ್ಸಿನ ಮೇಲಿನ ವಿಭೂತಿ

ಬಿಎಸ್ ಸಿಕ್ಸ್ ಎಂಬ ಹೊಸ ಹೊಗೆ ನಿಯಮದ ಎಂಜಿನ್ನಿನ ವಾಹನಗಳು ರಸ್ತೆಗೆ ಬಂದು ಒಂದೆರಡು ವರ್ಷ ಕಳೆದಿದ್ದ ಕಾಲ. ನಾನಾಗ ಮೈಸೂರಿನ ರಿಂಗ್ ರೋಡ್ ಪಕ್ಕದ ಒಂದು ಕಾರ್ ಡೀಲರ್ ವರ್ಕ್‌ಶಾಪಿನಲ್ಲಿ ವಾರಂಟಿ ಇನ್‌ಚಾರ್ಜ್ ಆಗಿದ್ದೆ. ಹೆಸರು ಜೆಸಿಂತಾ. ಆಟೊಮೊಬೈಲ್ ಡಿಪ್ಲೊಮಾ ಓದಿ, ಬಿಡಿಭಾಗಗಳ ಕೌಂಟರಿನಲ್ಲಿ ಕೆಲಸ ಶುರುಮಾಡಿದವಳು ಆ ಕುರ್ಚಿಗೆ ಬರುವ ಹೊತ್ತಿಗೆ ತಲೆಯಲ್ಲಿ ಕಪ್ಪಿಗಿಂತ ಬಿಳಿ ಕೂದಲೇ ಹೆಚ್ಚಾಗಿತ್ತು. ಮೆಕ್ಯಾನಿಕ್‌ಗಳು ಬೆನ್ನ ಹಿಂದೆ ನನ್ನನ್ನು 'ವಾರಂಟಿ ಅಮ್ಮ' ಎನ್ನುತ್ತಿದ್ದರು. ಅಮ್ಮ ಎಂದಮೇಲೆ ವರ ಕೊಟ್ಟೇ ಕೊಡುತ್ತಾಳೆ ಎಂದು ನಂಬಿ ಬರುವ ಗ್ರಾಹಕರಿಗೆ ಲೆಕ್ಕವಿರಲಿಲ್ಲ. ನನ್ನ ಕೆಲಸದಲ್ಲಿ ಅರ್ಧ ಭಾಗ 'ಇಲ್ಲ' ಎನ್ನುವುದೇ ಆಗಿತ್ತು.

ವಾರಂಟಿ ಎಂದರೆ ಏನು ಎಂಬ ಬಗ್ಗೆ ಜನರಲ್ಲಿ ದೊಡ್ಡ ತಪ್ಪು ಕಲ್ಪನೆಯಿದೆ. ಅದು ವಿಮೆಯಲ್ಲ. ಗಾಡಿ ಗುದ್ದಿದರೆ, ನೀರಿನಲ್ಲಿ ಮುಳುಗಿದರೆ, ಇಲಿ ವೈರು ಕಡಿದರೆ ವಾರಂಟಿ ಬರುವುದಿಲ್ಲ. ತಯಾರಿಸುವಾಗಲೇ ಉಳಿದುಹೋದ ದೋಷದಿಂದ ಒಂದು ಭಾಗ ಕೆಟ್ಟರೆ, ಇಂತಿಷ್ಟು ವರ್ಷದೊಳಗೆ ಅದನ್ನು ಕಂಪನಿ ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡುತ್ತದೆ, ಅಷ್ಟೆ. ಕೆಟ್ಟ ಭಾಗವನ್ನು ನೋಡಿ, ಇದು ತಯಾರಿಕೆಯ ದೋಷವೋ ಬಳಸಿದವರ ದೋಷವೋ ಎಂದು ಮೊದಲು ಅಭಿಪ್ರಾಯ ಕೊಡಬೇಕಾದವಳು ನಾನು. ಗ್ರಾಹಕನಿಗೆ ನಾನು ಕಂಪನಿಯವಳು, ಕಂಪನಿಗೆ ನಾನು ಗ್ರಾಹಕನ ಪಕ್ಷದವಳು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು ಎಂದುಕೊಳ್ಳಿ. ಆದರೂ ಆ ಕೆಲಸ ನನಗೆ ಇಷ್ಟವಿತ್ತು. ಒಂದು ವಸ್ತು ಯಾಕೆ ಕೆಟ್ಟಿತು ಎಂದು ಹುಡುಕುವುದರಲ್ಲಿ ಒಂದು ಸುಖವಿದೆ, ಅದು ಮಾಡಿದವರಿಗೇ ಗೊತ್ತು.

ಆ ಕಾಲಕ್ಕೆ ನಮಗಿದ್ದ ಹೊಸ ತಲೆನೋವೆಂದರೆ ಎಂಜಿನ್ ಮಾರ್ಪಾಡು. ಡೀಸೆಲ್ ಎಂಜಿನ್ನಿಗೆ ಎಷ್ಟು ಇಂಧನ ಬೇಕೆಂದು ತೀರ್ಮಾನಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಇಂಧನದ ಒತ್ತಡ ಎಷ್ಟಿದೆ ಎಂದು ಒಂದು ಸೆನ್ಸರ್ ಅದಕ್ಕೆ ಸದಾ ಹೇಳುತ್ತಿರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಟ್ಯೂನಿಂಗ್ ಬಾಕ್ಸ್ ಇವೆರಡರ ನಡುವೆ ಕುಳಿತು, ಇರುವ ಒತ್ತಡವನ್ನು ಕಡಿಮೆ ಮಾಡಿ ಹೇಳುತ್ತದೆ. ಹೊಟ್ಟೆ ತುಂಬಿದ ಮಗು ಅಜ್ಜಿಯ ಹತ್ತಿರ ಹೋಗಿ ಇನ್ನೂ ಹಸಿವು ಎಂದ ಹಾಗೆ. ಇಸಿಯು ಪಾಪ ನಂಬಿ, ಇನ್ನಷ್ಟು ಇಂಧನ ಕೊಡುತ್ತದೆ. ಗಾಡಿ ಚೆನ್ನಾಗಿ ಎಳೆಯುತ್ತದೆ. ಅದರ ಜೊತೆಗೆ ಶಾಖವೂ ಏರುತ್ತದೆ. ಅತಿಯಾದರೆ ಪಿಸ್ಟನ್ನಿನ ತಲೆ ಕರಗುತ್ತದೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಹಾಳಾಗುತ್ತದೆ.

ಮಾರ್ಪಾಡಿನಿಂದ ಉಂಟಾದ ದೋಷಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂದು ವಾರಂಟಿ ಪುಸ್ತಕದಲ್ಲೇ ಇದೆ. ಈ ಸಾಲನ್ನು ಗ್ರಾಹಕರು ಓದುವುದೇ ಇಲ್ಲ. ಓದಿದ ಕಂಪನಿಯವರು 'ಮಾರ್ಪಾಡು ಮಾಡಿದರೆ ವಾರಂಟಿ ಇಲ್ಲ' ಎಂದು ಗಿಡ್ಡ ಮಾಡಿಕೊಂಡುಬಿಡುತ್ತಾರೆ. ಎರಡೂ ಒಂದೇ ಅಲ್ಲ. ನಾನು ಹೇಳಹೊರಟ ಪ್ರಸಂಗ ಈ ಎರಡು ಮಾತಿನ ನಡುವಿನ ಸಂದಿಯಲ್ಲಿ ನಡೆದದ್ದು.

ಇನ್ನೊಂದು ಸಂಗತಿ ಮೊದಲೇ ಹೇಳಿಬಿಡಬೇಕು. ಲಷ್ಕರ್ ಮೊಹಲ್ಲಾದಲ್ಲಿ ಇಂಥ ಬಾಕ್ಸುಗಳನ್ನು ಹಾಕಿಕೊಡುವ ಒಂದು ಗ್ಯಾರೇಜಿದೆ. ಅದರ ಮಾಲೀಕ ಟೋನಿ ನನ್ನ ಒಡಹುಟ್ಟಿದ ತಮ್ಮ. ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಬಂದು ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರೆ ನಮ್ಮಿಬ್ಬರ ಜಗಳ ಇದ್ದದ್ದೇ. "ನೀನು ಕಟ್ಟೋದು, ನಾನು ಬಿಚ್ಚೋದು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು" ಎಂದು ನಾನು ಛೇಡಿಸುತ್ತಿದ್ದೆ. ಅವನು ಚಕ್ಕುಲಿಯಂತೆ ಮುಖ ಮಾಡಿಕೊಂಡು, "ಅಕ್ಕ, ನಿಮ್ಮ ಕಂಪ್ನಿಯೋರು ಗಾಡೀನ ಸರಿಯಾಗಿ ಎಳೆಯಂಗೆ ಮಾಡಿದ್ರೆ ನನ್ ಹತ್ರ ಯಾಕ್ ಬರ್ತಾರೆ ಜನ?" ಎನ್ನುತ್ತಿದ್ದ. ಅಮ್ಮ ಇಬ್ಬರ ತಟ್ಟೆಗೂ ಇನ್ನೊಂದು ಸೌಟು ಸಾರು ಹಾಕಿ ಬಾಯಿ ಮುಚ್ಚಿಸುತ್ತಿದ್ದಳು.

ದಸರಾ ಮುಗಿದು ಊರಿನ ದೀಪಾಲಂಕಾರ ಬಿಚ್ಚಿದ್ದರು. ಒಂದು ಬೆಳಿಗ್ಗೆ ಏಳು ಸೀಟಿನ ಡೀಸೆಲ್ ಗಾಡಿಯೊಂದನ್ನು ಎಳೆದು ತಂದರು. ಜೊತೆಗೆ ಬಂದವರು ಕುವೆಂಪುನಗರದ ಮಹದೇವಸ್ವಾಮಿ ಮತ್ತು ಅವರ ಮಗಳು ದಾಕ್ಷಾಯಿಣಿ. ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸಿಕೊಡುವುದು ಆ ಮನೆತನದ ಉದ್ಯೋಗ. ಹಣೆಯ ಮೇಲೆ ಮೂರೆಳೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಲೆ ಮಹದೇಶ್ವರನನ್ನು ಮಾತಿಗೊಮ್ಮೆ 'ನಮ್ಮ ಮಾದಪ್ಪ' ಎಂದು ನೆನೆಯುವ ಮನುಷ್ಯ. ಮಗಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಮಂಡಿನೋವಿನಿಂದ ಓಡಾಟ ಕಷ್ಟವಾದಮೇಲೆ ಸ್ವಾಮಿಯವರು ಗಾಡಿಯ ಕೀಲಿಯನ್ನೂ ವ್ಯವಹಾರವನ್ನೂ ಅವಳಿಗೆ ವಹಿಸಿದ್ದರು. ಅವರ ಅಣ್ಣನಿಗೆ ಇದು ಬಿಲ್‌ಕುಲ್ ಒಪ್ಪಿಗೆ ಇರಲಿಲ್ಲ. ತನ್ನ ಅಳಿಯನಿಗೆ ವಹಿಸಲಿ ಎಂಬುದು ಆತನ ಆಸೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅಮಾವಾಸ್ಯೆಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಭಕ್ತರಿಗೆ ಒಂದು ಹೊತ್ತಿನ ಅನ್ನ ಹಾಕುವುದು ಆ ಮನೆಯವರ ಹರಕೆಯಂತೆ. ಅಡುಗೆಯವರನ್ನು ಕೂರಿಸಿಕೊಂಡು ದಾಕ್ಷಾಯಿಣಿ ಗಾಡಿ ಓಡಿಸಿಕೊಂಡು ಹೋಗಿದ್ದಳು. ಹೋಗುವಾಗ ಏನೂ ತೊಂದರೆಯಿಲ್ಲ. ಬೆಟ್ಟ ಇಳಿದು, ಕೊಳ್ಳೇಗಾಲ ದಾಟಿ, ಸಮತಟ್ಟು ರಸ್ತೆಯಲ್ಲಿ ಬರುವಾಗ ಎಂಜಿನ್ ಎಣ್ಣೆಯ ಒತ್ತಡ ಇಳಿದಿದೆ ಎಂದು ಎಚ್ಚರಿಸುವ ಕೆಂಪು ದೀಪ ಮಿನುಗಿತು. ಅವಳು ಗಾಡಿ ಪಕ್ಕಕ್ಕೆ ತೆಗೆಯುವಷ್ಟರಲ್ಲಿ ಒಳಗೆ ಕಟಕಟ ಎಂದು ಸದ್ದಾಗಿ ಎಂಜಿನ್ ಕಚ್ಚಿಕೊಂಡುಬಿಟ್ಟಿತು. ಕಚ್ಚಿಕೊಳ್ಳುವುದೆಂದರೆ ಒಳಗೆ ತಿರುಗಬೇಕಾದ ದಂಡ ತಿರುಗದೆ ನಿಂತುಬಿಡುವುದು. ಎಂಜಿನ್ನಿನ ಮಟ್ಟಿಗೆ ಅದು ಹೃದಯಾಘಾತ. ಗಾಡಿಗೆ ಮೂರು ವರ್ಷದ ವಾರಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಎಣ್ಣೆ ಬದಲಾವಣೆ, ಸರ್ವೀಸು ಎಲ್ಲ ತಪ್ಪದೆ ನಮ್ಮಲ್ಲೇ ಮಾಡಿಸಿದ್ದರು.

ಎಂಜಿನ್ ಕೇಸು ಬಂದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಅದನ್ನೇ ಕೇಳಿದೆ. "ಸ್ವಾಮಿಯವ್ರೇ, ಗಾಡಿಗೆ ಹೊರಗಡೆ ಏನಾದ್ರೂ ಹಾಕ್ಸಿದ್ದೀರಾ? ಬಾಕ್ಸು, ಚಿಪ್ಪು, ಬೇರೆ ಫಿಲ್ಟರು?"

"ಏನೂ ಇಲ್ಲ ಕಣಮ್ಮ. ಅಂಗಡಿಯಿಂದ ಎಂಗೆ ಬಂತೋ ಅಂಗೇ ಅದೆ. ಮಾದಪ್ಪನಾಣೆ, ಒಂದು ಸ್ಕ್ರೂ ಕೂಡ ಹೊರಗಿಂದು ಸೇರ್ಸಿಲ್ಲ."

ಆಣೆ ಇಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸುಳ್ಳು ಹೇಳುವವನು ಆಣೆಯಿಡುವಾಗ ಗಾಡಿಯ ಕಡೆ ನೋಡುವುದಿಲ್ಲ. ಸ್ವಾಮಿಯವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಹಸುವಿನ ಬೆನ್ನು ಸವರುವ ಹಾಗೆ ಸವರುತ್ತ ಹೇಳಿದರು. ಆ ಮನುಷ್ಯ ಸತ್ಯವನ್ನೇ ಹೇಳುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಮಗಳು ಮಾತ್ರ ನೆಲ ನೋಡುತ್ತಿದ್ದಳು.

ಅವರನ್ನು ಕಾಫಿಗೆ ಕಳಿಸಿ ಬಾನೆಟ್ ಎತ್ತಿಸಿದೆ. ಮೈಸೂರಿನಲ್ಲಿ ದಸರಾ ಕಳೆದ ತಿಂಗಳಲ್ಲಿ ಯಾವ ಗಾಡಿಯ ಬಾನೆಟ್ ಎತ್ತಿದರೂ ಒಳಗೆ ಅರಿಶಿನ, ಕುಂಕುಮ, ಬಾಡಿದ ಹೂವು ಇರುತ್ತವೆ. ಆಯುಧಪೂಜೆಯ ಪ್ರಸಾದ. ಸ್ವಾಮಿಯವರು ಪೂಜೆಯನ್ನು ಬಾಯಿಮಾತಿಗೆ ಮಾಡಿದವರಲ್ಲ. ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಬ್ಯಾಟರಿಗೆ, ಎಂಜಿನ್ ಕವರಿಗೆ, ನೀರಿನ ಬಾಟಲಿಗೆ, ಫ್ಯೂಸ್ ಬಾಕ್ಸಿನ ಮುಚ್ಚಳಕ್ಕೆ, ಒಂದನ್ನೂ ಬಿಡದೆ ಅಚ್ಚುಕಟ್ಟಾಗಿ ಮೂರು ಗೆರೆ ಎಳೆದಿದ್ದರು. ಎಂಜಿನ್ನಿನ ಶಾಖಕ್ಕೆ ಅದು ಒಣಗಿ ಸುಣ್ಣದಂತೆ ಅಂಟಿಕೊಂಡಿತ್ತು.

ಎಲ್ಲ ಕಡೆಯೂ ಗೆರೆ ಪೂರ್ತಿ ಇದ್ದವು, ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಮಾತ್ರ ಇರಲಿಲ್ಲ. ಅಲ್ಲಿ ಮೂರು ಗೆರೆಗಳು ಎಡದಿಂದ ಹೊರಟು, ನಡುವೆ ನಿಂತು, ಒಂದಿಷ್ಟು ಜಾಗ ಬಿಟ್ಟು, ಬಲಗಡೆ ಮತ್ತೆ ಮುಂದುವರಿದಿದ್ದವು. ನಡುವಿನ ಆ ಚೌಕಾಕಾರದ ಜಾಗದಲ್ಲಿ ಧೂಳೂ ಇಲ್ಲ, ವಿಭೂತಿಯೂ ಇಲ್ಲ. ಉಳಿದ ಎಂಜಿನ್ನೆಲ್ಲ ರಸ್ತೆಯ ಮಣ್ಣು ಮೆತ್ತಿಕೊಂಡಿರುವಾಗ ಅಂಗೈಯಗಲ ಜಾಗ ಮಾತ್ರ ತೊಳೆದಿಟ್ಟ ಹಾಗಿತ್ತು. ಅಲ್ಲಿ ಒಂದು ಪೆಟ್ಟಿಗೆ ಅಂಟಿಸಿದ್ದರು, ಪೂಜೆಯ ದಿನ ಅದಕ್ಕೂ ವಿಭೂತಿ ಬಿದ್ದಿತ್ತು, ಪೆಟ್ಟಿಗೆ ಹೋಗುವಾಗ ಗೆರೆಯ ನಡುಭಾಗವನ್ನೂ ಕೊಂಡೊಯ್ದಿತ್ತು. ಸೆನ್ಸರಿನ ಕನೆಕ್ಟರ್ ನೋಡಿದೆ. ತೆಗೆದು ಹಾಕಿದ ಗೀರು ಅಲ್ಲೂ ಇತ್ತು. ಅದೊಂದನ್ನೇ ನಂಬಿ ಏನೂ ಹೇಳಲಾಗುತ್ತಿರಲಿಲ್ಲ, ಸರ್ವೀಸಿನಲ್ಲೂ ಅಂಥ ಗೀರು ಬೀಳುತ್ತದೆ.

ಸ್ಕ್ಯಾನರ್ ಹಾಕಿ ಇಸಿಯು ನೋಡಿದರೆ ಏನೂ ಸಿಗಲಿಲ್ಲ. ಈ ಬಗೆಯ ಬಾಕ್ಸು ಇಸಿಯುಗೇ ಸುಳ್ಳು ಹೇಳುವುದರಿಂದ ಅಲ್ಲಿ ಗುರುತು ಉಳಿಯುವುದಿಲ್ಲ. ಅಂದರೆ ಆ ಬಾಕ್ಸಿಗೆ ಇದ್ದ ಸಾಕ್ಷಿ ಸ್ವಾಮಿಯವರ ಮೂರು ಬೆರಳಿನದು ಮಾತ್ರ.

ದಾಕ್ಷಾಯಿಣಿ ಒಬ್ಬಳೇ ವಾಪಸು ಬಂದಳು. ನಾನು ಫ್ಯೂಸ್ ಬಾಕ್ಸಿನ ಆ ಖಾಲಿ ಜಾಗದ ಮೇಲೆ ಬೆರಳಿಟ್ಟೆ. ಅವಳು ನೋಡಿದಳು. ಅವಳ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು.

"ಕೊಳ್ಳೇಗಾಲದ ಹತ್ರ ಟೋಯಿಂಗ್ ಗಾಡಿ ಕಾಯ್ತಾ ಇದ್ದಾಗ ತೆಗೆದೆ ಮೇಡಂ. ಅಪ್ಪಂಗೆ ಅದಿತ್ತು ಅಂತಾನೇ ಗೊತ್ತಿಲ್ಲ. ಕಂಪನಿ ಪಾರ್ಟ್ ಅಂದ್ಕೊಂಡು ಪೂಜೆ ಮಾಡ್ಬಿಟ್ರು. ಬೇಡ ಅನ್ನೋಕೆ ನಂಗೆ ಬಾಯಿ ಬರಲಿಲ್ಲ."

ಯಾಕೆ ಹಾಕಿಸಿದೆ ಎಂದು ಕೇಳಿದೆ. ಶೋಕಿಗಲ್ಲ. ಬೆಟ್ಟಕ್ಕೆ ಹೋಗುವಾಗ ಗಾಡಿಯಲ್ಲಿ ಏಳು ಜನ, ಮೇಲೆ ಮೀಸಲು ಅಕ್ಕಿಯ ಮೂಟೆಗಳು. ದೇವರಿಗೆಂದು ಎತ್ತಿಟ್ಟ ಅಕ್ಕಿಯನ್ನು ಪಾತ್ರೆ, ಎಂಜಲು ತಟ್ಟೆ ಹೇರುವ ಸಾಮಾನು ಗಾಡಿಯಲ್ಲಿ ಹಾಕುವಂತಿಲ್ಲ, ಮನೆಯವರ ಜೊತೆಯೇ ಬರಬೇಕು ಎಂಬುದು ಸ್ವಾಮಿಯವರ ಕಟ್ಟುನಿಟ್ಟು. ತಾಳಬೆಟ್ಟದ ತಿರುವುಗಳಲ್ಲಿ ಗಾಡಿ ಏದುಸಿರು ಬಿಡುತ್ತಿತ್ತು. ಒಮ್ಮೆ ತಿರುವಿನಲ್ಲಿ ನಿಂತು ಹಿಂದಕ್ಕೂ ಸರಿದಿತ್ತಂತೆ. ಅವಳು ಅಪ್ಪನಿಗೆ ಹೇಳಿದಳು. "ಮಾದಪ್ಪ ಎಳ್ಕೋತಾನೆ ನಡಿ" ಎಂದರು. ಅವಳು ಹೋಗಿ ಬಾಕ್ಸ್ ಹಾಕಿಸಿಕೊಂಡು ಬಂದಳು.

"ಎಲ್ಲಿ ಹಾಕ್ಸಿದ್ದು?" ಎಂದೆ. ಉತ್ತರವನ್ನು ನಾನು ಆಗಲೇ ಊಹಿಸಿದ್ದೆ.

"ಲಷ್ಕರ್ ಮೊಹಲ್ಲಾದಲ್ಲಿ. ಟೋನಿ ಅಂತ."

ಅವಳು ಮೇಜಿನ ಮೇಲಿದ್ದ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ದನಿ ತೀರ ತಗ್ಗಿತ್ತು. "ಮೇಡಂ, ಇದನ್ನ ಒರೆಸಿಬಿಡ್ಲಾ? ದೊಡ್ಡಪ್ಪ ಇಂಥದ್ದಕ್ಕೇ ಕಾಯ್ತಾ ಇದಾರೆ. ನಾನು ಎಂಜಿನ್ ಕೆಡಿಸ್ದೆ ಅಂತ ಗೊತ್ತಾದ್ರೆ ಕೀಲಿ ನನ್ ಕೈಲಿ ಉಳಿಯಲ್ಲ. ಅಪ್ಪಂಗೆ ದೊಡ್ಡಪ್ಪನ ಎದುರು ಮಾತಾಡೋಕೆ ಆಗಲ್ಲ."

ಒಂದು ಒದ್ದೆ ಬಟ್ಟೆಯ ಕೆಲಸ. ಅವಳ ಕೀಲಿ ಉಳಿಯುತ್ತಿತ್ತು, ನನ್ನ ತಮ್ಮನ ಹೆಸರೂ ಎಲ್ಲೂ ಬರುತ್ತಿರಲಿಲ್ಲ. ಆದರೆ ಆ ಹುಡುಗಿಯನ್ನು ನೋಡಿ ನನಗೆ ಕನಿಕರವಾದಷ್ಟೇ ಸಿಟ್ಟೂ ಬಂತು. ಎಂಜಿನ್ ತಾನೇ ಕೆಡಿಸಿದೆ ಎಂದು ಅವಳೇ ತೀರ್ಪು ಕೊಟ್ಟುಕೊಂಡಿದ್ದಳು. ಎಂಜಿನ್ ಬಿಚ್ಚದೆ ನಾನೇ ಹೇಳಲಾಗದ ಮಾತನ್ನು ಇವಳು ಹೇಗೆ ಹೇಳುತ್ತಾಳೆ? ಬಾಕ್ಸಿನಿಂದ ಹೋಗುವ ಎಂಜಿನ್ ಭಾರ ಹೊತ್ತು ಏರು ಹತ್ತುವಾಗ ಹೋಗಬೇಕು. ಇದು ಬೆಟ್ಟ ಇಳಿದು, ಹಗುರಾಗಿ, ಸಮತಟ್ಟು ರಸ್ತೆಯಲ್ಲಿ ಹೋಗಿತ್ತು. ಅದೂ ಎಣ್ಣೆಯ ದೀಪ ಉರಿದು. ಅದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

"ಒರೆಸಬೇಡ ಕಣಮ್ಮ" ಎಂದೆ. "ನಿಮ್ಮಪ್ಪ ಆಣೆ ಇಟ್ಟಿದಾರೆ. ಇದನ್ನ ಒರೆಸಿದ್ರೆ ಆ ಆಣೆ ಸುಳ್ಳಾಗೇ ಉಳಿಯತ್ತೆ. ಕಂಪನಿಯೋರು ಬರೋದ್ರೊಳಗೆ ಬಾಕ್ಸ್ ತಗೊಂಡ್ ಬಾ. ನಿಮ್ಮಪ್ಪಂಗೆ ನೀನೇ ಹೇಳು. ಎಂಜಿನ್ ಯಾಕೆ ಹೋಯ್ತು ಅಂತ ಎಂಜಿನ್ನೇ ಹೇಳಲಿ."

ಅವಳು ಬಟ್ಟೆ ಕೆಳಗಿಟ್ಟಳು. ನನ್ನ ಮೇಲೆ ನಂಬಿಕೆ ಬಂದು ಇಟ್ಟಳೋ, ಬೇರೆ ದಾರಿಯಿಲ್ಲದೆ ಇಟ್ಟಳೋ ಹೇಳಲಾರೆ.

ಸಂಜೆ ಟೋನಿಯ ಗ್ಯಾರೇಜಿಗೆ ಹೋದೆ. ಗಾಡಿಯ ಬಣ್ಣ ಹೇಳುತ್ತಿದ್ದಂತೆ ಅವನಿಗೆ ನೆನಪಾಯಿತು. "ಅಡುಗೆಯೋರ ಹುಡ್ಗಿ. ಅಕ್ಕ, ಕೆಳಗಿನ ಸೆಟ್ಟಿಂಗೇ ಕೊಟ್ಟಿರೋದು. ಜಾಸ್ತಿ ಬೇಕು ಅಂತ ಅವಳೂ ಕೇಳ್ಲಿಲ್ಲ, ನಾನೂ ಕೊಡ್ಲಿಲ್ಲ."

"ವಾರಂಟಿ ವಿಷಯ ಹೇಳಿದ್ಯಾ?"

ಅವನು ತಲೆ ಕೆರೆದುಕೊಂಡ. "ಅದು... ಅವಳು ಕೇಳ್ಲಿಲ್ಲ."

"ನಾಳಿದ್ದು ವರ್ಕ್‌ಶಾಪಿಗೆ ಬರ್ತೀಯ. ಏನ್ ಹಾಕಿದೆ, ಎಷ್ಟಕ್ಕೆ ಇಟ್ಟೆ, ಎಲ್ಲ ಕಂಪನಿಯೋರ ಮುಂದೆ ನೀನೇ ಹೇಳ್ತೀಯ."

"ಅಲ್ಲಿಗೆ ಬಂದ್ರೆ ನನ್ನ ಹುರಿದು ಮುಕ್ಕುಬುಡ್ತಾರೆ ಕಣಕ್ಕ."

"ಬರ್ದೆ ಇದ್ರೆ ಭಾನುವಾರ ನಾನು ಮುಕ್ತೀನಿ" ಎಂದು ಹೇಳಿ ಬಂದೆ.

ಕಂಪನಿಯ ಏರಿಯಾ ಟೆಕ್ನಿಕಲ್ ಮ್ಯಾನೇಜರ್ ಅಭಿಷೇಕ್ ಹುಬ್ಬಳ್ಳಿ ಕಡೆಯ ಯುವಕ. ದೊಡ್ಡ ಎಂಜಿನ್ ಕೇಸುಗಳಲ್ಲಿ ಕೊನೆಯ ಮಾತು ಅವರದು. ಅವರು ಬರುವ ದಿನ ಸ್ವಾಮಿಯವರು ಮಗಳ ಜೊತೆಗೆ ಬಂದರು. ಹಿಂದೆಯೇ ಆ ದೊಡ್ಡಪ್ಪನೂ ಬಂದ. ಕರೆಯದೆ ಬಂದವರು ಎಲ್ಲಿ ಕೂರಬೇಕೆಂದು ಯೋಚಿಸುವುದಿಲ್ಲ, ನೇರ ನನ್ನ ಎದುರಿನ ಕುರ್ಚಿಯಲ್ಲೇ ಕೂತ.

ದಾಕ್ಷಾಯಿಣಿ ಅಪ್ಪನಿಗೆ ಇನ್ನೂ ಹೇಳಿರಲಿಲ್ಲ. ಮನೆಯಲ್ಲಿ ಬಾಯಿ ಬರಲಿಲ್ಲವಂತೆ. ಅಪ್ಪನ ಕೈಹಿಡಿದು ಗಾಡಿಯ ಹತ್ತಿರ ಕರೆದುಕೊಂಡು ಹೋದಳು. ಬಾನೆಟ್ ತೆರೆದೇ ಇತ್ತು. ಬ್ಯಾಗಿನಿಂದ ಕಪ್ಪು ಪೆಟ್ಟಿಗೆಯನ್ನು ತೆಗೆದು ಫ್ಯೂಸ್ ಬಾಕ್ಸಿನ ಖಾಲಿ ಜಾಗದ ಮೇಲೆ ಇಟ್ಟಳು. ಪೆಟ್ಟಿಗೆಯ ಮೇಲೆ ವಿಭೂತಿಯ ಮೂರು ಗೆರೆ ಹಾಗೇ ಇದ್ದವು. ಎಡಗಡೆಯ ಗೆರೆ, ಪೆಟ್ಟಿಗೆಯ ಗೆರೆ, ಬಲಗಡೆಯ ಗೆರೆ ಮೂರೂ ಕೂಡಿಕೊಂಡವು.

ಸ್ವಾಮಿಯವರು ಬಗ್ಗಿ ನೋಡಿದರು. ತಮ್ಮ ಬೆರಳಿನ ಗುರುತು ತಮಗೆ ತಿಳಿಯದೆ ಇರುತ್ತದೆಯೇ?

"ಇದು ಕಂಪ್ನೀದಲ್ವಾ?"

"ಅಲ್ಲ ಅಪ್ಪಾಜಿ. ನಾನು ಹಾಕ್ಸಿದ್ದು. ಏರು ಹತ್ತಲಿ ಅಂತ."

ಅವರು ಮಗಳ ಮೇಲೆ ರೇಗುತ್ತಾರೆ ಎಂದು ನಾನು ಕಾದೆ. ಅವರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. "ಮಾದಪ್ಪನ ಮೇಲೆ ಆಣೆ ಇಟ್ಬುಟ್ನಲ್ಲಮ್ಮ. ಪೂಜೆ ಮಾಡ್ದೋನೂ ನಾನೇ, ಇಲ್ಲ ಅಂದೋನೂ ನಾನೇ."

ದೊಡ್ಡಪ್ಪ ಸಿಕ್ಕ ಅವಕಾಶ ಬಿಡಲಿಲ್ಲ. "ಎಣ್ ಮಗೀನ ಕೈಗೆ ಕೀಲಿ ಕೊಡ್ಬ್ಯಾಡ ಅಂತ ಬಡ್ಕೊಂಡೆ. ಈಗ ಎಂಜಿನ್ನೂ ಹೋಯ್ತು, ಮಾನವೂ ಹೋಯ್ತು."

ಸ್ವಾಮಿಯವರು ಅಣ್ಣನಿಗೆ ಎದುರಾಡಿದ್ದನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲವಂತೆ. ಅವತ್ತು ಮೆಲ್ಲಗೆ ಹೇಳಿದರು. "ಗಾಡಿ ಎಳೀತಿಲ್ಲ ಅಂತ ಅವ್ಳು ಬಾಯಿ ಬುಟ್ಟು ಹೇಳಿದ್ಲು. ನಾನು ಕಿವಿಗಾಕ್ಕಳ್ನಿಲ್ಲ. ಮೂಟೆ ಏರ್ಸಿದ್ದು ನಾನು. ಎಳ್ಯೋ ದಾರಿ ನೋಡಿದ್ದು ಅವ್ಳು. ತಪ್ಪು ಅಂದ್ರೆ ಮೊದ್ಲು ನಂದು ಕಣಣ್ಣ."

ಅಷ್ಟರಲ್ಲಿ ಅಭಿಷೇಕ್ ಬಂದರು. ನಾನು ಬಾಯಿ ತೆರೆಯುವ ಮೊದಲೇ ಸ್ವಾಮಿಯವರು ಅವರ ಮುಂದೆ ಹೋಗಿ, ಪೆಟ್ಟಿಗೆ ತೋರಿಸಿ, ಇದ್ದದ್ದು ಇದ್ದ ಹಾಗೆ ಹೇಳಿದರು. ಮೀಸಲು ಅಕ್ಕಿಯನ್ನೂ ಬಿಡಲಿಲ್ಲ. ಆಮೇಲೆ ನನ್ನ ಸರದಿ. ಬಾಕ್ಸ್ ಹಾಕಿದವನು ನನ್ನ ತಮ್ಮ, ಅಗೋ ಬಾಗಿಲ ಹತ್ತಿರ ನಿಂತಿದ್ದಾನೆ ಎಂದೆ. ಟೋನಿ ಶಾಲೆಗೆ ತಡವಾಗಿ ಬಂದವನ ಹಾಗೆ ಕೈಕಟ್ಟಿ ನಿಂತಿದ್ದ.

ಅಭಿಷೇಕ್ ಹುಬ್ಬು ಗಂಟಿಕ್ಕಿದರು. "ಮೇಡಂ, ಬಾಕ್ಸ್ ಇತ್ತಂದ್ರ ಮುಗೀತಲ್ರಿ. ಬಿಚ್ಚೂದು ಯಾಕ? ರಿಜೆಕ್ಟ್ ಅಂತ ಬರದ್ರಾತು."

"ಬಾಕ್ಸ್ ಇತ್ತು ಅನ್ನೋದು ಅವ್ರೇ ಒಪ್ಪಿದಾರೆ. ಬಾಕ್ಸಿಂದ ಹೋಯ್ತು ಅನ್ನೋದನ್ನ ನೀವು ತೋರಿಸಿ" ಎಂದೆ. "ನನ್ನ ತಮ್ಮ ಇದರಲ್ಲಿ ಇರೋದ್ರಿಂದ ಈ ಕೇಸಿಗೆ ನಾನು ಅಭಿಪ್ರಾಯ ಕೊಡಲ್ಲ. ನೀವೇ ಬಿಚ್ಚಿಸಿ, ನೀವೇ ನೋಡಿ, ನೀವೇ ಬರೀರಿ. ಬಾಕ್ಸಿಂದಲೇ ಅಂತಾದ್ರೆ ಎರಡನೇ ಮಾತು ಆಡಲ್ಲ."

ಅವರು ಒಪ್ಪಿದರು. ಬಿಚ್ಚಿದ ಮೇಲೆ ದೋಷ ನಿಮ್ಮದೆಂದು ಕಂಡರೆ ಪೂರ್ತಿ ಖರ್ಚು ನಿಮ್ಮದೇ ಎಂದು ಸ್ವಾಮಿಯವರಿಗೆ ಸ್ಪಷ್ಟವಾಗಿ ಹೇಳಿದರು. ಸ್ವಾಮಿಯವರು ಮಗಳ ಮುಖ ನೋಡಿದರು. ಅವಳು ತಲೆಯಾಡಿಸಿದಳು. "ಬಿಚ್ಚಿ ಸಾರ್" ಎಂದರು.

ನಮ್ಮ ಹಿರಿಯ ಮೆಕ್ಯಾನಿಕ್ ಸಿದ್ದರಾಜು ಎಂಜಿನ್ ಇಳಿಸಿದ. ಎಷ್ಟೋ ವರ್ಷದಿಂದ ಇಂಥ ಕೆಲಸದಲ್ಲಿ ಮುಂದೆ ನಿಂತು ಹೇಳುತ್ತಿದ್ದವಳು ಅವತ್ತು ಮೂಲೆಯಲ್ಲಿ ಕೈಕಟ್ಟಿ ನಿಂತೆ. ಆ ಹೊತ್ತಿನ ಸಂಕಟ ಹೇಳತೀರದು. ಎಂಜಿನ್ನಿನ ಮುಚ್ಚಳದಂತಿರುವ ಸಿಲಿಂಡರ್ ಹೆಡ್ ತೆಗೆದಾಗ ಎಲ್ಲರ ಕತ್ತೂ ಮುಂದಕ್ಕೆ ಬಂತು. ಬಾಕ್ಸಿನ ಪಾಪವಾಗಿದ್ದರೆ ಅಲ್ಲೇ ಕಾಣಬೇಕು, ಪಿಸ್ಟನ್ನಿನ ತಲೆ ಸುಟ್ಟು ತೂತಾಗಿರಬೇಕು. ನಾಲ್ಕೂ ಪಿಸ್ಟನ್ ಹೊಸದರಂತೆ ಇದ್ದವು. ಸಹಜವಾದ ಮಸಿ, ಮತ್ತೇನಿಲ್ಲ. ಇಂಧನ ಚಿಮ್ಮಿಸುವ ಇಂಜೆಕ್ಟರುಗಳನ್ನು ಪರೀಕ್ಷೆಯ ಯಂತ್ರಕ್ಕೆ ಹಾಕಿದರೆ ಅವೂ ಸರಿಯಾಗಿಯೇ ಇದ್ದವು. ಟೋನಿ ನನ್ನ ಕಡೆ ನೋಡಿದ. ಸುಮ್ಮನಿರು ಎಂದು ಕಣ್ಣಿನಲ್ಲೇ ಗದರಿದೆ.

ಆಮೇಲೆ ಎಂಜಿನ್ನಿನ ಅಡಿಯ ಎಣ್ಣೆ ತಟ್ಟೆ, ಅಂದರೆ ಸಂಪ್, ಬಿಚ್ಚಿದರು. ಅದರ ಬೋಲ್ಟುಗಳ ಮೇಲೆ ಕಾರ್ಖಾನೆಯ ಬಣ್ಣದ ಗುರುತು ಒಡೆಯದೆ ಇತ್ತು. ಅದುವರೆಗೆ ಅದನ್ನು ಯಾರೂ ಮುಟ್ಟಿರಲಿಲ್ಲ ಎಂದರ್ಥ. ಸಂಪಿನಿಂದ ಎಣ್ಣೆ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ, ಸ್ಟ್ರೈನರ್ ಎನ್ನುತ್ತೇವೆ. ಸಿದ್ದರಾಜು ಅದನ್ನು ಟಾರ್ಚಿನ ಬೆಳಕಿಗೆ ಹಿಡಿದ. ಜಾಲರಿಯ ಮುಕ್ಕಾಲು ಭಾಗ ಬೂದುಬಣ್ಣದ ಎಳೆಗಳಿಂದ ಮುಚ್ಚಿಹೋಗಿತ್ತು.

ಅಡುಗೆ ಮನೆತನದವರಲ್ಲವೇ, ಸ್ವಾಮಿಯವರ ಬಾಯಿಂದ ತಾನಾಗೇ ಬಂತು. "ಶಾವ್ಗೆ ಇದ್ದಂಗದಲ್ಲ."

ಅದು ಸೀಲೆಂಟ್. ಸಂಪ್ ಮತ್ತು ಎಂಜಿನ್ ಕೂಡುವ ಅಂಚಿನಲ್ಲಿ ಎಣ್ಣೆ ಸೋರದಂತೆ ಕಾರ್ಖಾನೆಯಲ್ಲಿ ಹಚ್ಚುವ ಅಂಟು. ಆ ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಹಚ್ಚಿದ್ದರು. ಒಳಕ್ಕೆ ಹಿಂಡಿಬಂದ ಹೆಚ್ಚುವರಿ ಅಂಟು ಒಣಗಿ, ಎಳೆಎಳೆಯಾಗಿ ಕಿತ್ತು, ದಿನಕ್ಕಿಷ್ಟು ಎಂದು ಜಾಲರಿಗೆ ಬಂದು ಕೂತಿತ್ತು. ಎಣ್ಣೆ ಮೇಲೇರದೆ ಬೇರಿಂಗುಗಳು ಒಣಗಿ ಕಚ್ಚಿಕೊಂಡಿದ್ದವು, ಟರ್ಬೊ ಕೂಡ ಕೆಟ್ಟಿತ್ತು. ಬಾಕ್ಸು ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ, ಬೆಟ್ಟಕ್ಕೆ ಹೋಗದೆ ಮನೆ ಮುಂದೆ ಓಡಾಡಿಕೊಂಡಿದ್ದರೂ ಒಂದಲ್ಲ ಒಂದು ದಿನ ಆ ಎಂಜಿನ್ ನಿಲ್ಲಲೇಬೇಕಿತ್ತು. ತಯಾರಿಕೆಯ ದೋಷ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಅಭಿಷೇಕ್ ಮೊಬೈಲಿನಲ್ಲಿ ಚಿತ್ರ ತೆಗೆದು, ಹೊರಗೆ ಹೋಗಿ ಮೇಲಿನವರ ಜೊತೆ ತುಂಬ ಹೊತ್ತು ಮಾತಾಡಿದರು. ಬಾಕ್ಸ್ ಎಂಬ ಪದ ಕೇಳಿದೊಡನೆ ಆ ಕಡೆಯವರು ಬೇಡವೆಂದರಂತೆ. ಬಾಕ್ಸನ್ನು ಗ್ರಾಹಕರೇ ತಂದು ತೋರಿಸಿದ್ದಾರೆ, ಅಂಟು ನಮ್ಮದು, ಇದನ್ನು ರಿಜೆಕ್ಟ್ ಎಂದು ಬರೆಯಲು ನನ್ನ ಕೈ ಏಳದು ಎಂದು ಈ ಯುವಕ ಪಟ್ಟುಹಿಡಿದರಂತೆ. ಇದನ್ನು ಅವರು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಊಟದ ಹೊತ್ತಿನಲ್ಲಿ. ಅವತ್ತು ಒಳಗೆ ಬಂದು ಹೇಳಿದ್ದು ಇಷ್ಟೇ.

"ಎಂಜಿನ್ ಕಂಪನಿ ಕೊಡ್ತೈತ್ರಿ. ಟರ್ಬೊ ಕೊಡಾಕ ಆಗಂಗಿಲ್ಲ. ಅದರಾಗ ಎಣ್ಣಿ ಇಲ್ಲದ್ದರ ಪಾಲೆಷ್ಟು, ಬಾಕ್ಸಿನ ಪಾಲೆಷ್ಟು ಅಂತ ನಾ ಬ್ಯಾರೆ ಮಾಡಿ ಹೇಳಲಾರೆ. ಇನ್ನು ಮುಂದ ಟರ್ಬೊ, ಇಂಧನದ ಭಾಗಕ್ಕ ವಾರಂಟಿ ಇರೂದಿಲ್ಲ. ಉಳಿದದ್ದಕ್ಕ ಇರ್ತೈತಿ."

ನ್ಯಾಯವಾದ ಮಾತು. ನಾನು ಬರೆದಿದ್ದರೂ ಹಾಗೇ ಬರೆಯುತ್ತಿದ್ದೆ. ದಾಕ್ಷಾಯಿಣಿ ಒಪ್ಪಿದಳು. ಟರ್ಬೊ ತಾನು ಹಾಕಿಸಿಕೊಡುತ್ತೇನೆ, ಕೂಲಿ ಬೇಡ ಎಂದು ಟೋನಿ ನಡುವೆ ಬಾಯಿ ಹಾಕಿದ. ಇಲ್ಲೇ ಹಾಕ್ತೀವಿ, ನೀನು ಮೊದಲು ಮನೆಗೆ ಹೋಗು ಎಂದು ನಾನು ಅಂದಾಗ ಎಲ್ಲರೂ ನಕ್ಕರು. ದೊಡ್ಡಪ್ಪ ಮಾತ್ರ ನಗಲಿಲ್ಲ, ಬಂದ ಹಾಗೆ ಯಾರಿಗೂ ಹೇಳದೆ ಹೊರಟುಹೋದ.

ಸ್ವಾಮಿಯವರು ಸ್ಟ್ರೈನರಿನ ಜಾಲರಿಯನ್ನು ಇನ್ನೊಮ್ಮೆ ನೋಡಿದರು. ಜೇಬಿನಿಂದ ಗಾಡಿಯ ಇನ್ನೊಂದು ಕೀಲಿ ತೆಗೆದರು. ಅದುವರೆಗೆ ಒಂದು ಜೊತೆ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರಂತೆ. ಅದನ್ನೂ ಮಗಳ ಅಂಗೈಯಲ್ಲಿಟ್ಟು, "ಮೀಸಲು ಅಕ್ಕೀಗೆ ಬೇರೆ ಗಾಡಿ ಮಾಡನ ಕಣವ್ವ" ಎಂದರು. ಆ ಹುಡುಗಿ ಅಷ್ಟು ದಿನ ತಡೆದುಕೊಂಡಿದ್ದ ಅಳು ಆಗ ಬಂತು. ನಾನು ಫೈಲು ಹುಡುಕುವವಳ ಹಾಗೆ ನನ್ನ ಕೋಣೆಗೆ ಹೋಗಿಬಿಟ್ಟೆ.

ಆ ಕೇಸಿನ ನಂತರ ನಾನು ಇನ್ನೂ ಕೆಲವು ವರ್ಷ ಆ ಕುರ್ಚಿಯಲ್ಲಿದ್ದೆ. ಬಾಕ್ಸಿನಿಂದಲೇ ಕರಗಿದ ಪಿಸ್ಟನ್ನುಗಳನ್ನೂ ಕಂಡೆ, ಅವಕ್ಕೆ ಮುಲಾಜಿಲ್ಲದೆ ಇಲ್ಲ ಎಂದೆ. ಹೊಸ ಗಾಡಿಗೆ ಹೊರಗಿನ ಸಾಮಾನು ಹಾಕಿಸಬೇಡಿ ಎಂದು ಇವತ್ತಿಗೂ ಕೇಳಿದವರಿಗೆಲ್ಲ ಹೇಳುತ್ತೇನೆ. ಹಾಕಿಸಿದ್ದರೆ ಮುಚ್ಚಿಡಬೇಡಿ ಎಂದೂ ಹೇಳುತ್ತೇನೆ. ಒಂದು ವಸ್ತು ಅಲ್ಲಿತ್ತು ಎಂಬುದು ಬೇರೆ, ಅದರಿಂದಲೇ ಕೆಟ್ಟಿತು ಎಂಬುದು ಬೇರೆ. ಬಿಚ್ಚಿ ನೋಡದೆ ಎಂಜಿನ್ನಿನ ಮೇಲೂ ಮನುಷ್ಯರ ಮೇಲೂ ತಪ್ಪು ಹೊರಿಸಬಾರದು ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ಟೋನಿ ಕಲಿತ ಪಾಠ ಇನ್ನೊಂದು ಬಗೆಯದು. ಹೊಸ ಗಾಡಿ ತಂದವರಿಗೆ ಅವನು ಮೊದಲು ಹೇಳುವ ಮಾತು, "ವಾರಂಟಿ ಮುಗಿಸ್ಕೊಂಡು ಬನ್ನಿ ಸಾರ್, ಇಲ್ದಿದ್ರೆ ನಮ್ಮಕ್ಕ ಬಂದ್ಬುಡ್ತಾಳೆ."

ಮರುವರ್ಷದ ಆಯುಧಪೂಜೆಗೆ ಸ್ವಾಮಿಯವರು ನನ್ನನ್ನೂ ಟೋನಿಯನ್ನೂ ಕರೆದಿದ್ದರು. ಮನೆ ಮುಂದೆ ಗಾಡಿಗೆ ಬಾಳೆಕಂದು ಕಟ್ಟಿ, ಬಾನೆಟ್ ಎತ್ತಿ ನಿಲ್ಲಿಸಿದ್ದರು. ಅವರು ಮಂಡಿ ಹಿಡಿದುಕೊಂಡು ಬಗ್ಗಿ, ವಿಭೂತಿಯಲ್ಲಿ ಮೂರು ಬೆರಳು ಅದ್ದಿದರು. ಬ್ಯಾಟರಿಯ ಹತ್ತಿರ ಕೈ ಒಯ್ದವರು ಹಾಗೇ ತಡೆದು, ಮಗಳ ಕಡೆ ತಿರುಗಿ ಕೇಳಿದರು.

"ದಾಕ್ಷಿ, ಇದು ಕಂಪ್ನೀದೇನವ್ವ?"

"ಹೌದು ಅಪ್ಪಾಜಿ, ಕಂಪನೀದೇ."

ಮೂರು ಗೆರೆ ಎಳೆದರು. ಮುಂದಿನ ಭಾಗಕ್ಕೆ ಹೋದರು, ಮತ್ತೆ ಕೇಳಿದರು. ಹೀಗೆ ಒಂದೊಂದನ್ನೂ ಮಗಳನ್ನು ಕೇಳಿಕೊಂಡೇ ಪೂರ್ತಿ ಎಂಜಿನ್ನಿಗೆ ಪೂಜೆ ಮಾಡಿ ಮುಗಿಸಿದರು.